ತಿರುಗಾಟಕ್ಕೆ ಹೊರಟಿರೋ ಹುಡುಗಿಗೆ: ಬಸ್ಸು, ಟ್ರಂಕು, ನಿದ್ದೆ, ಸಂಬಳ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 22. ಡಿಗ್ರಿ ಮುಗಿಸಿ ಒಂದು ವರ್ಷ ರಂಗಭೂಮಿ ಡಿಪ್ಲೊಮಾ ಮಾಡೀನಿ. ಈಗ ಒಂದು ತಿರುಗಾಟದ ತಂಡಕ್ಕ ಸೆಲೆಕ್ಟ್ ಆಗೀನಿ, ಐದು ತಿಂಗಳು ಊರೂರು ಸುತ್ತಬೇಕು. ಅವ್ವ ಬ್ಯಾಡ ಅಂತಾಳ, ನಾಟಕ ಕಂಪನಿಗೆ ಹೋದ್ಲು ಅಂತ ಮಂದಿ ಆಡ್ಕೊಂತಾರ ಅನ್ನೋದು ಅಕಿ ಚಿಂತಿ. ಊಟ, ನಿದ್ದಿ, ಮುಟ್ಟು, ರೊಕ್ಕ ಎಲ್ಲಾ ಹೆಂಗ ನಡೀತದ? ನನ್ನ ಕೈಲಿ ಆಗ್ತದೇನು?

ಉತ್ತರ: ನೀನು ಅಂತಲೇ ಕರೀತೀನಿ, ನನ್ನ ಮಗಳಿಗೂ ಹೆಚ್ಚುಕಮ್ಮಿ ಇಷ್ಟೇ ವಯಸ್ಸು. ನಾನು ಆರು ಸೀಸನ್ ನಟಿಯಾಗಿ, ಆಮೇಲೆ ಒಂಬತ್ತು ಸೀಸನ್ ತಂಡದ ಮ್ಯಾನೇಜರ್ ಆಗಿ ಸುತ್ತಿದೀನಿ, ಬೀದರ್‌ನಿಂದ ಚಾಮರಾಜನಗರದವರೆಗೆ ನಾವು ಸೆಟ್ ಇಳಿಸದೇ ಇರೋ ಜಿಲ್ಲೆ ಇಲ್ಲ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ, ನಿನ್ನ ಕೈಲಿ ಆಗತ್ತೆ. ಆದ್ರೆ ನಿನ್ನನ್ನ ನೀನೇ ಕೇಳ್ಕೋಬೇಕಾಗಿರೋದು ಆ್ಯಕ್ಟಿಂಗ್ ಬರತ್ತಾ ಅಂತ ಅಲ್ಲ, ಅದು ಸೆಲೆಕ್ಷನ್‌ನಲ್ಲೇ ಮುಗೀತು. ರಾತ್ರಿ ಹನ್ನೊಂದೂವರೆಗೆ ಬಣ್ಣ ತೆಗೆದು, ಹೊಟ್ಟೆ ಹಸಿದಿರೋವಾಗ, ನಾಳೆ ಬೆಳಗ್ಗೆ ಆರಕ್ಕೆ ಹೊರಡ್ಬೇಕು ಅಂತ ಗೊತ್ತಿರೋವಾಗ, ಇನ್ನೂ ಮೂರು ಜನರ ಜೊತೆ ಸೇರಿ ಮರದ ಲೆವೆಲ್ (ಸ್ಟೇಜ್ ಮೇಲೆ ಎತ್ತರಕ್ಕೆ ಇಡೋ ಹಲಗೆಯ ಕಟ್ಟೆ) ಎತ್ತಿ ಲಾರಿಗೆ ಹಾಕೋಕೆ ನಿನಗೆ ಇಷ್ಟ ಇದ್ಯಾ? ಖುಷಿಯಿಂದ ಹಾಕ್ತೀಯಾ ಅಂತ ಕೇಳ್ತಿಲ್ಲ, ಮುಖ ಗಂಟಿಕ್ಕದೆ ಹಾಕ್ತೀಯಾ ಅಂತ. ನಾನು ನೋಡಿದ ಹಾಗೆ ಮಧ್ಯದಲ್ಲೇ ಬಿಟ್ಟು ಹೋದವರಲ್ಲಿ ಪಾತ್ರ ಕಷ್ಟ ಆಯ್ತು ಅಂತ ಹೋದವರು ಒಬ್ಬರೂ ಇಲ್ಲ, ಎಲ್ಲರೂ ಈ ಲೋಡಿಂಗ್ ಹೊತ್ತಲ್ಲೇ ಬೇಜಾರಾಗಿ ಹೋದವರು.

ಈಗ ಅವ್ವನ ವಿಷಯ. ಅವರ ತಲೇಲಿರೋದು ಕಂಪನಿ ನಾಟಕ, ಅದು ಸಹಜ. ನಿಮ್ಮ ಕಡೆಯವರು ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರೇ ಇರ್ತಾರೆ, ಅಲ್ಲಿ ಸಾಲಾಗಿ ಕಂಪನಿಗಳ ಟೆಂಟು, ರಾತ್ರಿಯಿಡೀ ಶೋ, ಮೈಕಲ್ಲಿ ಕೂಗೋದು, ಅವ್ರು ನೋಡಿರೋದು ಅದನ್ನ. ಕಂಪನಿ ಅಂದ್ರೆ ಒಂದೂರಿಗೆ ಬಂದು ಥಿಯೇಟರ್ ಕಟ್ಕೊಂಡು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕ್ಯಾಂಪ್ ಹಾಕೋದು, ಟಿಕೆಟ್ ಕಲೆಕ್ಷನ್ ಮೇಲೇ ಬದುಕು, ಮನೆಮಂದಿಯೆಲ್ಲ ಜೊತೆಗೇ, ಮಕ್ಕಳು ಅಲ್ಲೇ ಬೆಳೀತಾರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಹೀಗೇ ಊರೂರು ಸುತ್ತಿ ದೊಡ್ಡದಾಗಿದ್ದು, ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆ ಸ್ಟೇಜಿಗೆ ಬರ್ತಿದ್ವು. ಮಂದಿ ಆಡ್ಕೊಂತಾರೆ ಅನ್ನೋದಕ್ಕೆ ನಾನು ನಿಮ್ಮವ್ವಂಗೆ ಹೇಳೋದು ಇಷ್ಟು, ಆಡ್ಕೊಂಡಿದ್ದಾರೆ, ನೂರು ವರ್ಷದಿಂದ ಆಡ್ಕೊಂಡಿದ್ದಾರೆ, ಆ ಮಾತನ್ನೆಲ್ಲ ಕಿವಿಗೆ ಹಾಕ್ಕೊಳ್ದೆ ಹೆಂಗಸರು ಕೆಲಸ ಮಾಡಿರೋದ್ರಿಂದಲೇ ಇವತ್ತು ನಮಗೆ ಸ್ಟೇಜ್ ಇರೋದು. ಮೈಸೂರಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದ್ರು, ಗಂಡು ಪಾತ್ರಗಳನ್ನೂ ಅವರೇ ಮಾಡ್ತಿದ್ರು, ಅವರ ಕಂಸನ ಪಾತ್ರದ ಹೆಸರು ದೊಡ್ಡದು. ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿದ್ದು 2012ರಲ್ಲಿ. ಅವ್ವಂಗೆ ಇದನ್ನ ಹೇಳು, ವಾದ ಮಾಡೋಕಲ್ಲ, ಕಥೆ ಥರ ಹೇಳು.

ನೀನು ಹೋಗ್ತಿರೋದು ಆ ಥರದ ಕಂಪನಿಗಲ್ಲ, ತಿರುಗಾಟಕ್ಕೆ. ಈ ಮಾದರಿ ನಮ್ಮಲ್ಲಿ ಗಟ್ಟಿಯಾಗಿ ನಿಂತಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಅನ್ನೋ ರಂಗಸಂಸ್ಥೆಯಿಂದ. ಕೆ.ವಿ. ಸುಬ್ಬಣ್ಣನವರು ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದ್ರು, ಕಲಿತವರಿಗೆ ಕೆಲಸ ಬೇಕಿತ್ತು, ಸಣ್ಣ ಊರುಗಳಿಗೆ ಒಳ್ಳೆ ನಾಟಕ ಬೇಕಿತ್ತು, 1985ರಲ್ಲಿ ತಿರುಗಾಟ ಹೊರಟಿತು. ಆಮೇಲೆ 1997ರಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ಅನ್ನೋ ತಿರುಗಾಟದ ತಂಡ ಹೊರಟಿತು. ಇಲ್ಲಿ ಟೆಂಟ್ ಇಲ್ಲ. ಆಯಾ ಊರಿನ ಸಂಘದವರೋ ಕಾಲೇಜಿನವರೋ ಮಠದವರೋ ನಾಟಕ ಕರೆಸ್ತಾರೆ, ಒಂದೂರಲ್ಲಿ ಒಂದು ದಿನ, ಹೆಚ್ಚಂದ್ರೆ ಎರಡು ಮೂರು ದಿನ, ದಿನಕ್ಕೊಂದು ಬೇರೆ ನಾಟಕ. ಹದಿನೈದು ಇಪ್ಪತ್ತು ಜನ ಅಷ್ಟೇ, ನಟರೇ ಸೆಟ್ ಕಟ್ಟೋರು, ನಟರೇ ಇಸ್ತ್ರಿ ಹಾಕೋರು. ಮಳೆಗಾಲದಲ್ಲಿ ರಿಹರ್ಸಲ್, ಮಳೆ ನಿಂತ ಮೇಲೆ ಪ್ರಯಾಣ, ಪರೀಕ್ಷೆ ಹತ್ರ ಬರ್ತಿದ್ದಂಗೆ ವಾಪಸ್, ಯಾಕಂದ್ರೆ ಅರ್ಧಕ್ಕರ್ಧ ಶೋ ಬಯಲಲ್ಲಿ, ಶಾಲೆ ಕಾಲೇಜುಗಳ ಆವರಣದಲ್ಲಿ. ಕರಾವಳಿಯ ಯಕ್ಷಗಾನ ಮೇಳಗಳೂ ಇದೇ ಲೆಕ್ಕದಲ್ಲಿ ಹೋಗ್ತವೆ, ಮಳೆ ಮುಗಿದ ಮೇಲೆ ಹೊರಟು ತುಳುನಾಡಿನ ಕಡೆ ಮೇ ಕೊನೆಯ ಪತ್ತನಾಜೆ ದಿನ ಗೆಜ್ಜೆ ಬಿಚ್ತಾರೆ, ಅಂದ್ರೆ ಸೀಸನ್ ಮುಗಿಸ್ತಾರೆ.

ದಿನ ಹೇಗಿರತ್ತೆ ಅಂತ ಕೇಳಿದೀಯ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಊರು ಸೇರ್ತೀವಿ, ಸಂಘಟಕರು ಉಪ್ಪಿಟ್ಟು ಚಾ ಕೊಡ್ತಾರೆ. ಉಪ್ಪಿಟ್ಟು ತಿನ್ನೋಕೆ ಮುಂಚೆ ನಾವು ಮೂರು ಜನ ಹೋಗಿ ಸ್ಟೇಜ್ ನೋಡ್ತೀವಿ, ಅಗಲ ಎಷ್ಟು, ಮೇಲೆ ಹಗ್ಗ ಕಟ್ಟೋಕೆ ಏನಾದ್ರೂ ಇದ್ಯಾ, ನೆಲದಲ್ಲಿ ಮೊಳೆ ಇದ್ಯಾ (ಬರಿಗಾಲಲ್ಲಿ ಕುಣಿಯೋ ನಾಟಕ ಆದ್ರೆ ಇದು ಎಲ್ಲಕ್ಕಿಂತ ಮೊದಲು), ಕರೆಂಟ್ ತ್ರೀ ಫೇಸಾ ಸಿಂಗಲ್ ಫೇಸಾ. ಕರೆಂಟ್ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಹೊಸಬರು ಇದು ಲೈಟ್‌ನವರ ಪಾಡು ಅಂದ್ಕೊಂಡು ಆ ಕಡೆ ಹೋಗೋದೇ ಇಲ್ಲ. ಹಳೇ ಹ್ಯಾಲೋಜನ್ ಲೈಟು 1000 ವ್ಯಾಟಿಂದು ಒಂದು ಉರಿಸಿದ್ರೆ ನಾಲ್ಕು ಆಂಪಿಯರ್ ಮೇಲೆ ಎಳೆಯತ್ತೆ, ಅಂದ್ರೆ ಗೋಡೆ ಮೇಲಿನ 15 ಆಂಪಿಯರ್ ಪಾಯಿಂಟಿಗೆ ಮೂರು ಲೈಟಿಗೇ ಮುಗೀತು. ಇಪ್ಪತ್ತು ಲೈಟು ಹಚ್ಚೋಕೆ ಹೋದ್ರೆ ಫ್ಯಾನು ಟ್ಯೂಬ್‌ಲೈಟಿಗೆ ಅಂತ ಎಳೆದಿರೋ ಶಾಲೆಯ ವೈರು ಬಿಸಿಯಾಗಿ ವಾಸನೆ ಬರತ್ತೆ. ಈಗ ಎಲ್‌ಇಡಿ ಬಂದು ಲೋಡ್ ಎಷ್ಟೋ ಕಮ್ಮಿ ಆಗಿದೆ, ಆದ್ರೂ ಎಲ್ಲಾ ತಂಡದ ಹತ್ರ ಹಳೇ ಲೈಟೂ ಇದ್ದೇ ಇರ್ತವೆ. ಹಾಗಾಗಿ ನೀನು ನಟಿ ಆದ್ರೂ ಮೇನ್ ಸ್ವಿಚ್ ಎಲ್ಲಿದೆ ಅಂತ ಪ್ರತಿ ಊರಲ್ಲೂ ನೋಡ್ಕೊಂಡೇ ಗ್ರೀನ್ ರೂಮಿಗೆ ಹೋಗು, ಒದ್ದೆ ಕೈಯಲ್ಲಿ ಸ್ಟ್ಯಾಂಡ್ ಮುಟ್ಬೇಡ, ಅರ್ಥಿಂಗ್ ಇಲ್ಲದ ಊರಲ್ಲಿ ಕಬ್ಬಿಣದ ಸ್ಟ್ಯಾಂಡ್ ಹೊಡೆಯತ್ತೆ.

ಆಮೇಲೆ ಅನ್‌ಲೋಡಿಂಗ್, ಮಧ್ಯಾಹ್ನ ಮೂರು ಗಂಟೆಯೊಳಗೆ ಪರದೆ, ಸೈಡ್‌ವಿಂಗ್ (ಸ್ಟೇಜಿನ ಎರಡೂ ಪಕ್ಕ ಕಟ್ಟೋ ಮರೆ) ಕಟ್ಟಿರ್ಬೇಕು, ಐದಕ್ಕೆ ಸೆಟ್ ರೆಡಿ. ಆಗ ಒಂದು ಹದಿನೈದು ನಿಮಿಷ ಎಲ್ಲರೂ ಸ್ಟೇಜ್ ಮೇಲೆ ನಡೆದು ನೋಡ್ಬೇಕು, ಡೈಲಾಗ್ ಬೇಡ, ಬರೀ ಎಂಟ್ರಿ ಎಕ್ಸಿಟ್ಟು. ಎಷ್ಟೇ ಸುಸ್ತಾಗಿದ್ರೂ ಇದನ್ನ ತಪ್ಪಿಸ್ಬೇಡ. ಒಂದ್ಸಲ ಕೊಪ್ಪಳ ಕಡೆ ಒಂದು ಶಾಲೆಯ ಬಯಲು ಸ್ಟೇಜು, ಅದರ ಎದುರಿಗೆ ನಟ್ಟನಡುವೆ ಧ್ವಜದ ಕಂಬ, ಸಿಮೆಂಟ್ ಹಾಕಿ ಕೂರಿಸಿದ್ದು, ಕೀಳೋ ಹಾಗೇ ಇಲ್ಲ. ಅದೇ ದಿನ ಕಂಬದ ಹಿಂದೆ ಸರಿಯಾಗಿ ನನ್ನ ಮುಖ್ಯ ದೃಶ್ಯ ಬೀಳ್ತಿತ್ತು. ನಮ್ಮ ಹಿರಿಯ ನಟರೊಬ್ಬರು ಸೀಮೆಸುಣ್ಣ ತಗೊಂಡು ಇಡೀ ನಾಟಕದ ಸೆಂಟರ್‌ನೇ ಮೂರಡಿ ಎಡಕ್ಕೆ ಹಾಕಿದ್ರು, ಲೈಟ್ ಎಲ್ಲಾ ಮತ್ತೆ ತಿರುಗಿಸಿ ಅರ್ಧ ಗಂಟೆ ಅದೇ ಕೆಲಸ. ರಾತ್ರಿ ಶೋ ಆಗೋವಾಗ ಏನಾಯ್ತಂದ್ರೆ ಮಕ್ಕಳು ಮುಂದೆ ಬಂದು ಆ ಕಂಬದ ಕಟ್ಟೆ ಮೇಲೇ ಕೂತ್ಕೊಂಡ್ವು, ನನ್ನಿಂದ ಐದಡಿ ದೂರ, ನಾನು ಅಳೋ ದೃಶ್ಯದಲ್ಲಿ ಒಂದು ಹುಡುಗಿ ಕಟ್ಟೆಯಿಂದ ಇಳಿದು ಸ್ಟೇಜಿನ ಅಂಚಿಗೆ ಬಂದು ನನ್ನನ್ನೇ ನೋಡ್ತಾ ನಿಂತ್ಲು. ರಿಹರ್ಸಲ್‌ನಲ್ಲಿ ನಾನು ಆ ಅಳುವನ್ನ ಎಷ್ಟು ಜೋರಾಗಿ ಮಾಡ್ತಿದ್ದೆ! ಅವಳೆದುರಿಗೆ ಅದು ಆಗ್ಲಿಲ್ಲ, ಧ್ವನಿ ತಾನೇ ಸಣ್ಣದಾಯ್ತು, ಅವತ್ತಿಂದ ಆ ದೃಶ್ಯನ ಹಾಗೇ ಮಾಡ್ದೆ. ತಿರುಗಾಟದಲ್ಲಿ ಸಿಗೋದು ಇದು ನೋಡು. ಒಂದೇ ನಾಟಕನ ಎಪ್ಪತ್ತು ಎಂಬತ್ತು ಸಲ ಮಾಡ್ತೀಯ, ಮಂಗಳೂರಲ್ಲಿ ನಕ್ಕ ಮಾತಿಗೆ ಗಂಗಾವತೀಲಿ ಪಿಟ್ಟೆನ್ನಲ್ಲ, ಇನ್ನೊಂದು ಮಾತಿಗೆ ನಿಮ್ಮ ಕಡೆ ಹೆಂಗಸರು ಜೋರಾಗಿ ಹೌದವ್ವಾ ಅಂತಾರೆ, ಆ ಮಾತಲ್ಲಿ ಅಷ್ಟಿದೆ ಅಂತ ಅವರು ಹೇಳೋವರೆಗೂ ನಿನಗೇ ಗೊತ್ತಿರಲ್ಲ. ನಗರದಲ್ಲಿ ನಾಲ್ಕು ಶೋ ಮಾಡಿ ನಿಲ್ಲಿಸೋ ನಾಟಕದಲ್ಲಿ ಇದು ಯಾವತ್ತೂ ಸಿಗಲ್ಲ, ಅದಕ್ಕೇ ನಾನು ಎಲ್ಲಾ ಹೊಸಬರಿಗೂ ಒಂದು ವರ್ಷವಾದ್ರೂ ಸುತ್ತಿ ಅಂತ ಹೇಳೋದು.

ಶೋ ಏಳಕ್ಕೆ ಅಂತ ಪೋಸ್ಟರಲ್ಲಿ ಇರತ್ತೆ, ಆದ್ರೆ ಅದಕ್ಕೆ ಮೊದಲು ಸಭಾ ಕಾರ್ಯಕ್ರಮ, ಸ್ವಾಗತ, ಸನ್ಮಾನ, ಭಾಷಣ, ಬಣ್ಣ ಹಚ್ಕೊಂಡು ಒಂದು ಗಂಟೆ ಕೂತಿರ್ಬೇಕು. ಆ ಹೊತ್ತಲ್ಲಿ ಮೊಬೈಲ್ ನೋಡ್ತಾ ಕೂತ್ರೆ ಮೈ ತಣ್ಣಗಾಗತ್ತೆ, ಎದ್ದು ಓಡಾಡು, ಮೈ ಬಿಸಿ ಇಟ್ಕೋ. ಶೋ ಮುಗಿದು ಸೆಟ್ ಬಿಚ್ಚಿ ಕಾಸ್ಟ್ಯೂಮ್ ಎಣಿಸಿ ಟ್ರಂಕಿಗೆ ಹಾಕಿ ಊಟ ಮಾಡೋವಾಗ ಹನ್ನೊಂದೂವರೆ ಹನ್ನೆರಡು. ಎಣಿಸೋದು ಅಂದೆನಲ್ಲ, ಒಂದು ಕಿವಿಯೋಲೆ ಒಂದು ಸೊಂಟಪಟ್ಟಿ ಹಿಂದಿನ ಊರಲ್ಲೇ ಉಳಿದ್ರೆ ಮುಂದಿನ ಶೋಗೆ ಅದು ಇಲ್ಲ, ಅಷ್ಟೇ, ಅದಕ್ಕೆ ಟ್ರಂಕಿನ ಮುಚ್ಚಳದ ಒಳಗೆ ಲಿಸ್ಟ್ ಅಂಟಿಸಿರ್ತೀವಿ.

ನಿದ್ದೆ. ನಿಜ ಹೇಳ್ಬೇಕಂದ್ರೆ ನಿದ್ದೆ ಕಮ್ಮಿ ಆಗತ್ತೆ. ಕಲ್ಯಾಣ ಮಂಟಪ, ಹಾಸ್ಟೆಲ್, ಶಾಲೆಯ ಕೊಠಡಿ, ಕೆಲವು ಊರಲ್ಲಿ ಒಳ್ಳೇ ಲಾಡ್ಜು. ಡಿಸೆಂಬರಲ್ಲಿ ಬೀದರ್ ಕಡೆ ಸಿಮೆಂಟ್ ನೆಲದ ಚಳಿ ಚಾಪೆ ಮೇಲಿಂದ ಬೆನ್ನಿಗೆ ಬರತ್ತೆ, ಒಂದು ದಪ್ಪ ಜಮಖಾನ ಒಂದು ಉಣ್ಣೆ ಶಾಲು ತಪ್ಪದೆ ತಗೋ, ಸೊಳ್ಳೆಪರದೆ ತಗೋ. ಬಸ್ಸಲ್ಲಿ ನಿದ್ದೆ ಮಾಡೋದು ಕಲೀಬೇಕು ಆದ್ರೆ ಕಿಟಕಿ ತೆಗೆದು ಗಾಳಿಗೆ ಗಂಟಲು ಕೊಟ್ಟು ಮಲಗ್ಬೇಡ, ಮರುದಿನ ಸ್ವರ ಬರಲ್ಲ. ಗಂಟಲು ಕಟ್ಟಿದ್ರೆ ಪಿಸುಪಿಸು ಮಾತಾಡೋದೂ ಗಂಟಲಿಗೆ ಕೆಲಸಾನೇ, ಪೂರ್ತಿ ಸುಮ್ನಿರು, ಬಿಸಿನೀರು ಕುಡಿ. ಊಟದ ಬಗ್ಗೆ ನಿನಗೆ ಚಿಂತೆ ಬೇಡ, ನಮ್ಮ ನಾಡಲ್ಲಿ ನಾಟಕದವರಿಗೆ ಊಟ ಹಾಕೋ ಪ್ರೀತಿ ಬತ್ತಿಲ್ಲ, ನಿಮ್ಮ ಕಡೆ ರೊಟ್ಟಿ ಎಣ್ಣೆಗಾಯಿ, ಹಳೇ ಮೈಸೂರಲ್ಲಿ ಮುದ್ದೆ, ಘಟ್ಟದ ಕೆಳಗೆ ಕುಚ್ಚಲಕ್ಕಿ. ತೊಂದ್ರೆ ಇರೋದು ಊಟದ ಹೊತ್ತಲ್ಲಿ. ಮಧ್ಯಾಹ್ನ ಮೂರಕ್ಕೆ ಹಬ್ಬದೂಟ ಹಾಕಿ ರಾತ್ರಿ ಹನ್ನೆರಡರವರೆಗೆ ಏನೂ ಇಲ್ದೆ ಇರೋದು ನಡೆಯತ್ತೆ, ಅದಕ್ಕೆ ಬ್ಯಾಗಲ್ಲಿ ಶೇಂಗಾ ಬೆಲ್ಲ, ಖರ್ಜೂರ, ಅವಲಕ್ಕಿ ಇರ್ಲಿ, ಬಣ್ಣ ಹಚ್ಚೋಕೆ ಮೊದಲು ಸ್ವಲ್ಪ ತಿನ್ನು.

ಮುಟ್ಟಿನ ಬಗ್ಗೆ ನೇರವಾಗಿ ಕೇಳಿದ್ದು ಒಳ್ಳೇದಾಯ್ತು, ನಮ್ಮ ಕಾಲದಲ್ಲಿ ಇದನ್ನ ಬಾಯಿಬಿಟ್ಟು ಕೇಳೋ ಹಾಗಿರ್ಲಿಲ್ಲ, ಮೊದಲ ಸೀಸನ್‌ನಲ್ಲಿ ನಾನು ಹೊಟ್ಟೆನೋವಲ್ಲೇ ಲೆವೆಲ್ ಎತ್ತಿದೀನಿ. ನೀನು ಹಾಗೆ ಮಾಡ್ಬೇಡ. ಮ್ಯಾನೇಜರ್‌ಗೆ ಇವತ್ತು ಭಾರ ಎತ್ತಲ್ಲ ಅಂತ ಹೇಳು, ಆ ದಿನ ಇಸ್ತ್ರಿ ಕೆಲಸ, ಹೊಲಿಗೆ ಕೆಲಸ ತಗೋ. ಟಾಯ್ಲೆಟ್ ಎಲ್ಲಿ, ನೀರಿದ್ಯಾ, ಒಳಗಿಂದ ಚಿಲಕ ಇದ್ಯಾ ಅಂತ ಸ್ಟೇಜ್ ನೋಡೋ ಹೊತ್ತಲ್ಲೇ ನೋಡ್ಬೇಕು, ಇಲ್ಲಾಂದ್ರೆ ಪಕ್ಕದ ಮನೆಯವರನ್ನ ಕೇಳ್ಬೇಕು, ಕೇಳಿದಾಗ ಬೇಡ ಅಂದ ಮನೆ ನನಗೆ ಸಿಕ್ಕೇ ಇಲ್ಲ. ಪ್ಯಾಡ್ ಒಂದು ತಿಂಗಳಿಗಾಗೋಷ್ಟು ಜೊತೆಗಿರ್ಲಿ. ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯೋದು ನಿಲ್ಲಿಸ್ಬೇಡ, ಹುಡುಗಿಯರು ಮಾಡೋ ದೊಡ್ಡ ತಪ್ಪು ಅದೇ, ಉರಿಮೂತ್ರ ಆಗಿ ಮೂರ್ನಾಲ್ಕು ಜನ ನನ್ನ ಕಣ್ಣೆದುರೇ ಆಸ್ಪತ್ರೆ ಸೇರಿದಾರೆ. ಇನ್ನು ಕಾಡಿಗೆ, ಸ್ಪಂಜು, ಲಿಪ್‌ಸ್ಟಿಕ್ ನಿನ್ನದು ನಿನಗೇ, ಒಬ್ಬರಿಗೆ ಕಣ್ಣುಬೇನೆ ಬಂದ್ರೆ ವಾರದಲ್ಲಿ ಇಡೀ ತಂಡಕ್ಕೆ ಬರತ್ತೆ. ಬಣ್ಣ ತೆಗೆಯೋಕೆ ಕೊಬ್ಬರಿ ಎಣ್ಣೆ ಸಾಕು, ಎಷ್ಟೇ ನಿದ್ದೆ ಬಂದ್ರೂ ಬಣ್ಣದ ಮುಖದಲ್ಲಿ ಮಲಗ್ಬೇಡ. ಕಾಸ್ಟ್ಯೂಮ್ ದಿನಾ ಒಗೆಯೋಕಾಗಲ್ಲ, ಒಳಗೆ ಹಾಕೋ ಬನಿಯನ್ ಮಾತ್ರ ದಿನಾ ಒಗೀಬೇಕು.

ಸುರಕ್ಷತೆ. 2013ರಲ್ಲಿ ಬಂದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರ್ಲೇಬೇಕು, ಅದರ ಅಧ್ಯಕ್ಷತೆ ಹೆಂಗಸರದ್ದೇ. ಕೆಲಸದ ಮೇಲೆ ಹೋದ ಊರು, ಕೆಲಸಕ್ಕೆ ಅಂತ ಸಂಸ್ಥೆ ಕೊಟ್ಟ ಬಸ್ಸು, ಇವೂ ಆ ಕಾನೂನಲ್ಲಿ ಕೆಲಸದ ಜಾಗಾನೇ. ಸಣ್ಣ ತಂಡ ಆದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡ್ಬಹುದು, ಘಟನೆ ಆದ ಮೂರು ತಿಂಗಳೊಳಗೆ. ಸೇರೋ ದಿನವೇ ಕೇಳು, ನಮ್ಮ ಸಮಿತೀಲಿ ಯಾರಿದಾರೆ ಅಂತ. ಹಾಗೆ ಕೇಳಿದ್ದಕ್ಕೆ ಮುಖ ಸಿಂಡರಿಸೋ ತಂಡ ಆದ್ರೆ ಎರಡು ಸಲ ಯೋಚನೆ ಮಾಡು. ಶೋ ಆದ್ಮೇಲೆ ಊರಿನವರು ಮನೆಗೆ ಊಟಕ್ಕೆ ಕರೆದ್ರೆ ಒಬ್ಬಳೇ ಹೋಗೋದಿಲ್ಲ, ಇಬ್ಬರು ಮೂವರು ಹೋಗೋದು, ಇದು ನಮ್ಮಲ್ಲಿ ನಿಯಮಾನೇ ಆಗಿತ್ತು.

ದುಡ್ಡು ಕಮ್ಮಿನೇ. ಊಟ ವಸತಿ ತಂಡದ್ದು, ಹಾಗಾಗಿ ಬಂದಿದ್ದು ಹೆಚ್ಚುಕಮ್ಮಿ ಉಳಿಯತ್ತೆ, ಆದ್ರೆ ಸೀಸನ್ ಮುಗಿದ ಮೇಲೆ ಮುಂದಿನ ತಿಂಗಳು ಸಂಬಳ ಇಲ್ಲ. ತಿಂಗಳಿಗೆ ಎಷ್ಟು, ರಿಹರ್ಸಲ್ ತಿಂಗಳಿಗೂ ಕೊಡ್ತಾರಾ, ವಾರದಲ್ಲಿ ರಜೆ ಇದ್ಯಾ, ಸ್ಟೇಜ್ ಮೇಲೆ ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಯಾರದ್ದು, ಇದೆಲ್ಲ ಕಾಗದದ ಮೇಲೆ ಬರೆಸ್ಕೋ, ಬಾಯಿ ಮಾತಲ್ಲಿ ಬೇಡ. ಪೋಸ್ಟಾಫೀಸಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಉಳಿತಾಯ) ಮಾಡಿಸು. ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಇದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದ್ರೆ ಎರಡು ಲಕ್ಷ, ರಾತ್ರಿ ಪ್ರಯಾಣ ಮಾಡೋ ನಮ್ಮಂಥವರು ಅದನ್ನ ಮಾಡಿಸದೇ ಇರೋದು ತಪ್ಪು.

ಇನ್ನೊಂದು ವಿಷಯ ನೀನು ಕೇಳಿಲ್ಲ, ಆದ್ರೆ ನಿಮ್ಮವ್ವನ ಮನಸ್ಸಲ್ಲಿ ಅದೇ ಇರೋದು ಅನ್ಸತ್ತೆ. ನನ್ನ ಮೂರನೇ ಸೀಸನ್, ಕಲಬುರಗಿ ಕಡೆ ಶೋ. ಮಧ್ಯಾಹ್ನವೇ ನಮ್ಮ ಮನೆಯಿಂದ ಫೋನ್ ಬಂದಿತ್ತು, ಅಜ್ಜಿ ತೀರ್ಕೊಂಡ್ರು ಅಂತ, ನನ್ನನ್ನ ಸಾಕಿದ್ದು ಆ ಅಜ್ಜಿ. ಆಗಿನ ಮ್ಯಾನೇಜರ್ ನನಗೆ ಹೇಳಿದ್ದು ಶೋ ಮುಗಿದು ಬಣ್ಣ ತೆಗೆದ ಮೇಲೆ. ಮಧ್ಯಾಹ್ನವೇ ಹೊರಟಿದ್ರೆ ಬೆಳಗಾಗೋದರೊಳಗೆ ಊರು ಸೇರಿ ಮುಖ ನೋಡ್ತಿದ್ದೆ, ರಾತ್ರಿ ಹೊರಟೆ, ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಶೋ ನಿಲ್ಲಬಾರದು ಅನ್ನೋದು ದೊಡ್ಡ ಮಾತು ಅಂತ ರಂಗಭೂಮಿಯವರು ಇವತ್ತಿಗೂ ಹೇಳ್ತಾರೆ, ನಾನು ಅದನ್ನ ಒಪ್ಪಲ್ಲ. ಅವತ್ತಿನ ಶೋ ನೋಡಿದ ಆ ಊರಿನವರಿಗೆ ನಿಮ್ಮ ನಟಿಯ ಅಜ್ಜಿ ಹೋಗಿದಾರೆ, ನಾಟಕ ನಾಳೆ ಮಾಡ್ತೀವಿ ಅಂದಿದ್ರೆ ಅವರೇ ನನ್ನನ್ನ ಬಸ್ ಹತ್ತಿಸಿ ಕಳಿಸ್ತಿದ್ರು. ನಾನು ಮ್ಯಾನೇಜರ್ ಆದ ವರ್ಷ ಎರಡು ನಿಯಮ ಮಾಡ್ದೆ. ಮನೆಯಿಂದ ಸುದ್ದಿ ಬಂದ್ರೆ ಆ ಕ್ಷಣವೇ ಆ ಮನುಷ್ಯರಿಗೆ ಹೇಳೋದು, ಹೋಗ್ಬೇಕಾ ಬೇಡ್ವಾ ಅನ್ನೋದು ಅವರ ತೀರ್ಮಾನ. ಎರಡನೇದು, ಪ್ರತಿ ಪಾತ್ರಕ್ಕೂ ಇನ್ನೊಬ್ಬರು ತಯಾರಿರೋದು, ಮಳೆಗಾಲದ ರಿಹರ್ಸಲ್‌ನಲ್ಲೇ. ಒಂಬತ್ತು ವರ್ಷದಲ್ಲಿ ಐದು ಸಲ ಬದಲಿ ನಟರು ಸ್ಟೇಜಿಗೆ ಹೋಗಿದ್ದಾರೆ, ಒಂದು ಸಲ ಪುಸ್ತಕ ಕೈಯಲ್ಲಿ ಹಿಡ್ಕೊಂಡೇ, ಮೊದಲೇ ಜನರಿಗೆ ಹೇಳಿ. ಯಾವ ಊರಿನವರೂ ಬೇಜಾರು ಮಾಡ್ಕೊಳ್ಲಿಲ್ಲ. ನಿನ್ನ ತಂಡದಲ್ಲಿ ಇದು ಹೇಗೆ ಅಂತ ಸಂಬಳದ ಜೊತೆಗೇ ಕೇಳು, ಸಂಬಳಕ್ಕಿಂತ ಮುಂಚೆ ಕೇಳಿದ್ರೂ ತಪ್ಪಿಲ್ಲ.

ಅವ್ವಂಗೆ ಕ್ಯಾಂಪ್ ಲಿಸ್ಟ್ ಕೊಟ್ಟು ಹೋಗು, ತಾರೀಖು, ಊರು, ಉಳಿಯೋ ಜಾಗ, ಮ್ಯಾನೇಜರ್ ನಂಬರ್, ತಂಡದ ಇನ್ನೊಬ್ಬ ಹುಡುಗಿಯ ಮನೆ ನಂಬರ್, ಕ್ಯಾಲೆಂಡರ್ ಪಕ್ಕ ಗೋಡೆಗೆ ಅಂಟಿಸು. ರಾತ್ರಿ ಶೋ ಆದ್ಮೇಲೆ ಫೋನ್ ಮಾಡ್ತೀನಿ ಅಂತ ಮಾತ್ರ ಮಾತು ಕೊಡ್ಬೇಡ, ಆಗಲ್ಲ, ಅವರು ಎಚ್ಚರ ಇದ್ದು ಕಾಯ್ತಾರೆ. ಬೆಳಗ್ಗೆ ಬಸ್ಸಲ್ಲಿ ಮಾಡು. ಹಾವೇರಿಗೋ ರಾಣೆಬೆನ್ನೂರಿಗೋ ಕ್ಯಾಂಪ್ ಬಂದೇ ಬರತ್ತೆ, ಆವತ್ತು ಅವ್ವನ್ನ ಸಂಜೆ ಶೋ ಹೊತ್ತಿಗೆ ಕರೀಬೇಡ, ಬೆಳಗ್ಗೆ ಹತ್ತಕ್ಕೇ ಕರ್ಸು, ಲಾರಿ ಬರೋ ಹೊತ್ತಿಗೆ. ಚೂಡಿದಾರದ ಶಾಲು ಸೊಂಟಕ್ಕೆ ಬಿಗಿದು ನೀನು ಟ್ರಂಕ್ ಇಳಿಸೋದನ್ನ ನೋಡ್ಲಿ, ಮಧ್ಯಾಹ್ನ ತಂಡದವರ ಜೊತೆ ಪಂಕ್ತೀಲಿ ಕೂತು ಊಟ ಮಾಡ್ಲಿ, ಕಾಸ್ಟ್ಯೂಮ್‌ಗೆ ಗುಂಡಿ ಹೊಲಿಯೋದಿದ್ರೆ ಸೂಜಿ ಅವರ ಕೈಗೇ ಕೊಡು. ರೊಟ್ಟಿ ಬುತ್ತಿ ತರ್ತಾರೆ, ಗೊತ್ತು ನನಗೆ, ಇಪ್ಪತ್ತು ಜನಕ್ಕಾಗೋಷ್ಟು ತಾ ಅಂತ ಮೊದಲೇ ಹೇಳಿರು.